ಟೈಲ್ಸ್ ಅಳತೆಯಲ್ಲಿ ಏರುಪೇರು, ಸಂದಿನಲ್ಲಿ ಓರೆಕೋರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆ ಕಟ್ಟುವವರ ಈ ಅಂಕಣಕ್ಕೆ ಈ ಬಾರಿ ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ನೆಲದ ಟೈಲ್ಸ್ ಕುರಿತೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಏಳಕ್ಕೆ ಇಳಿಸಿದ್ದೇವೆ.

ಪ್ರಶ್ನೆ: ಹಾಲ್‌ಗೆ ಎರಡಡಿ-ಎರಡಡಿ ವಿಟ್ರಿಫೈಡ್ ಟೈಲ್ಸ್ ಹಾಕಿಸಿದೆವು. ಸಂದು ಒಂದು ಕಡೆ ಕೂದಲೆಳೆಯಷ್ಟಿದ್ದರೆ ಇನ್ನೊಂದು ಕಡೆ ನಾಲ್ಕು ಮಿಲಿಮೀಟರ್ ಇದೆ. ಟೈಲ್ಸ್ ಸೈಜೇ ಸರಿಯಿಲ್ಲ ಅಂತ ಮೇಸ್ತ್ರಿ, ಮೇಸ್ತ್ರಿಗೆ ಕೆಲಸ ಬರೋದಿಲ್ಲ ಅಂತ ಅಂಗಡಿಯವರು. ಯಾರ ಮಾತು ನಂಬುವುದು? — ಕುವೆಂಪುನಗರ, ಮೈಸೂರು

ಇಬ್ಬರನ್ನೂ ಬಿಟ್ಟು ಉಳಿದಿರುವ ಟೈಲ್ಸನ್ನೇ ಅಳೆದು ನೋಡಿ. ಬಾಕ್ಸ್‌ನಲ್ಲಿ ಮಿಕ್ಕಿರುವವು ಹತ್ತಾದರೂ ಇದ್ದರೆ ಉತ್ತರ ಅರ್ಧ ಗಂಟೆಯಲ್ಲಿ ಸಿಗುತ್ತದೆ. ಪ್ರಯೋಗಾಲಯದಲ್ಲೂ ಹತ್ತು ಇಡೀ ಟೈಲ್ಸನ್ನೇ ಅಳೆಯುವುದು.

ಟೇಪಿನ ತುದಿಯ ಕೊಕ್ಕೆಯನ್ನು ಅಂಚಿಗೆ ಸಿಕ್ಕಿಸಿ ಅಳೆಯಬೇಡಿ. ಆ ಕೊಕ್ಕೆ ತನ್ನ ದಪ್ಪದಷ್ಟು ಹಿಂದೆ ಮುಂದೆ ಜಾರುವಂತೆಯೇ ಮಾಡಿರುತ್ತಾರೆ. ಹಳೆಯ ಟೇಪಿನಲ್ಲಿ ಇನ್ನೂ ಸಡಿಲ. ನೀವು ಹುಡುಕುತ್ತಿರುವ ವ್ಯತ್ಯಾಸವೂ ಅಷ್ಟೇ ಇರುವುದರಿಂದ ಅಳತೆ ಕೆಲಸಕ್ಕೆ ಬರುವುದಿಲ್ಲ. ಒಂದು ಮೀಟರಿನ ಸ್ಟೀಲ್ ಸ್ಕೇಲ್ ತನ್ನಿ. ಇಲ್ಲವಾದರೆ ಟೇಪಿನ 10 ಸೆಂಟಿಮೀಟರ್ ಗೆರೆಯನ್ನು ಅಂಚಿಗೆ ಹಿಡಿದು, ಬಂದ ಅಳತೆಯಲ್ಲಿ 10 ಕಳೆಯಿರಿ. ಮೂಲೆಯಿಂದ ಅರ್ಧ ಸೆಂಟಿಮೀಟರ್ ಒಳಗೆ ಅಳೆಯಬೇಕು, ಏಕೆಂದರೆ ಮೂಲೆಯ ತುದಿ ಚಕ್ಕೆ ಎದ್ದಿರಬಹುದು. ನಾಲ್ಕೂ ಬದಿಯ ಉದ್ದ ಬರೆದುಕೊಂಡು ಸರಾಸರಿ ತೆಗೆಯಿರಿ.

ಬರೆದುಕೊಳ್ಳುವ ತಾಳ್ಮೆ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಸಮತಟ್ಟಾದ ಗ್ರಾನೈಟ್ ಕಟ್ಟೆಯ ಮೇಲೆ ಹತ್ತು ಟೈಲ್ಸನ್ನು ಪುಸ್ತಕ ಜೋಡಿಸಿದ ಹಾಗೆ ಒಂದಕ್ಕೊಂದು ಒತ್ತಿ ನಿಲ್ಲಿಸಿ, ಮೇಲಂಚಿನ ಮೇಲೆ ಉಗುರು ಎಳೆಯಿರಿ. ಅರ್ಧ ಮಿಲಿಮೀಟರ್ ಏರಿಳಿತ ಇದ್ದರೂ ಉಗುರಿಗೆ ತಡೆಯುತ್ತದೆ. ಎಲ್ಲವನ್ನೂ ಕಾಲು ಸುತ್ತು ತಿರುಗಿಸಿ ಇನ್ನೊಂದು ಬದಿಗೂ ಹೀಗೇ ಮಾಡಿ.

ಮೂಲೆ ಚೌಕವಾಗಿದೆಯೇ ಎಂದು ನೋಡಲು ಎರಡು ಟೈಲ್ಸನ್ನು ಮುಖಕ್ಕೆ ಮುಖ ಸೇರಿಸಿ, ಒಂದು ಅಂಚನ್ನು ಸರಿಹೊಂದಿಸಿ, ಪಕ್ಕದ ಅಂಚು ನೋಡಿ. ಎರಡೂ ಒಂದೇ ದಿಕ್ಕಿಗೆ ವಾಲಿದ್ದರೆ ಮುಖ ತಿರುಗಿಸಿದಾಗ ದೋಷ ಇಮ್ಮಡಿಯಾಗಿ ಕತ್ತರಿ ಬಿಟ್ಟಂತೆ ಕಾಣುತ್ತದೆ. ಕಂಡದ್ದರಲ್ಲಿ ಅರ್ಧ ಒಂದು ಟೈಲ್ಸ್‌ನ ಪಾಲು.

ಎಷ್ಟು ವ್ಯತ್ಯಾಸ ಒಪ್ಪಬಹುದು? ನಮ್ಮಲ್ಲಿ ಒತ್ತಿ ತಯಾರಿಸುವ ಸೆರಾಮಿಕ್ ಟೈಲ್ಸ್‌ಗೆ ಐಎಸ್ 15622 ಮಾನಕವಿದೆ, ಅಂತರರಾಷ್ಟ್ರೀಯ ಮಾನಕ ಐಎಸ್‌ಒ 13006. ಕೆಳಗಿನ ಅಂಕಿಗಳು ಎರಡನೆಯದರಲ್ಲಿ ವಿಟ್ರಿಫೈಡ್‌ಗೆ, ಅಂದರೆ ನೀರು ಹೀರುವಿಕೆ ಶೇ 0.5 ಮೀರದ ಒತ್ತು ಟೈಲ್ಸ್‌ಗೆ ಹೇಳಿರುವವು. ಸಾಮಾನ್ಯ ಅಂಚಿನದಾದರೆ ಬದಿಯ ಉದ್ದ ಘೋಷಿತ ಅಳತೆಗಿಂತ ಶೇ 0.6ರಷ್ಟು ಹೆಚ್ಚುಕಡಿಮೆ ಇರಬಹುದು, ಆದರೆ 2 ಮಿ.ಮೀ. ಮೀರುವಂತಿಲ್ಲ. ಅಂಚು ಉಜ್ಜಿ ಅಳತೆಗೆ ತಂದ ರೆಕ್ಟಿಫೈಡ್ ಟೈಲ್ಸ್ ಆದರೆ ಶೇ 0.3, ಗರಿಷ್ಠ 1 ಮಿ.ಮೀ. ಮೂಲೆಯ ಚೌಕಕ್ಕೆ ಸಾಮಾನ್ಯದಲ್ಲಿ ಗರಿಷ್ಠ 2 ಮಿ.ಮೀ., ರೆಕ್ಟಿಫೈಡ್‌ನಲ್ಲಿ 1.5. ಅಂದರೆ 600 ಮಿ.ಮೀ. ಎಂದು ಘೋಷಿಸಿದ ರೆಕ್ಟಿಫೈಡ್ ಟೈಲ್ಸ್ 599 ಇದ್ದರೂ ಪಾಸು, 601 ಇದ್ದರೂ ಪಾಸು. ಬಾಕ್ಸ್ ಮೇಲೆ ದೊಡ್ಡಕ್ಷರದಲ್ಲಿರುವ 600 ಹೆಸರಿಗಷ್ಟೇ. ತಯಾರಿಕೆಯ ನಿಜ ಅಳತೆ 598 ಎಂದು ಪಕ್ಕದಲ್ಲಿ ಸಣ್ಣದಾಗಿ ಇರಬಹುದು. ಹೋಲಿಸಬೇಕಾದದ್ದು ಆ ಸಣ್ಣ ಅಕ್ಷರದ ಅಂಕಿಗೆ. 600ಕ್ಕೆ ಹೋಲಿಸಿ "ಎರಡು ಮಿಲಿಮೀಟರ್ ಕಮ್ಮಿ" ಎಂದು ಅಂಗಡಿಯವರ ಮೇಲೆ ಹೋದರೆ ಮಾತು ನಿಲ್ಲುವುದಿಲ್ಲ.

ಇನ್ನು ನೆಲವನ್ನು ನೋಡಿ. ಸಂದು ಕೆಡುವ ಬಗೆಯಲ್ಲೇ ಕಾರಣ ಬರೆದಿರುತ್ತದೆ. ಸಂದು ದೊಡ್ಡದು, ಚಿಕ್ಕದು, ಮತ್ತೆ ದೊಡ್ಡದು ಎಂದು ಗೊತ್ತುಗುರಿಯಿಲ್ಲದೆ ಬದಲಾಗುತ್ತಿದ್ದರೆ ಟೈಲ್ಸ್ ಅಳತೆಯ ಮೇಲೆ ಅನುಮಾನಪಡಿ. ಬಾಗಿಲಿನಿಂದ ಒಳಗೆ ಹೋದಂತೆ ನಿಧಾನವಾಗಿ ಅಗಲವಾಗುತ್ತಾ ಹೋದರೆ ಸಾಲಿಗೆ ಕಟ್ಟುವ ದಾರವನ್ನು ಚೌಕಕ್ಕೆ ಹಿಡಿದಿಲ್ಲ. ಒಂದೇ ಟೈಲ್ಸ್‌ನ ಒಂದು ತುದಿಯಲ್ಲಿ 1, ಇನ್ನೊಂದು ತುದಿಯಲ್ಲಿ 4 ಇದ್ದು ಅದರ ಎದುರು ಬದಿಯಲ್ಲಿ ಅದೇ ತಿರುವು ಉಲ್ಟಾ ಕಂಡರೆ, ಆ ಟೈಲ್ಸ್ ಗಾರೆಯ ಮೇಲೆ ತಿರುಗಿ ಕೂತಿದೆ. ನಮ್ಮ ಕಡೆ ಈಗಲೂ ತೇವದ ಗಾರೆ ಹಾಸಿ, ಸಿಮೆಂಟ್ ಹಾಲು ಸುರಿದು, ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ಕೂರಿಸುವುದು ವಾಡಿಕೆ. ಸಿಮೆಂಟ್ ಹಾಲಿನ ಮೇಲೆ ಟೈಲ್ಸ್ ತೇಲುತ್ತದೆ. ಪಕ್ಕದ ಟೈಲ್ಸ್ ತಟ್ಟಿದಾಗ ಮೊದಲು ಕೂರಿಸಿದ್ದು ಒಂದೆರಡು ಮಿ.ಮೀ. ಸರಿಯುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ.

ಲೆಕ್ಕ ಸರಳ. ಟೈಲ್ಸನ್ನು ದಾರ ಕಟ್ಟಿ ಗುರುತಿಸಿದ ಚೌಕದ ನಡುಮಧ್ಯಕ್ಕೆ ಕೂರಿಸುತ್ತಾ ಹೋದರೆ, ಅತಿ ದೊಡ್ಡ ಮತ್ತು ಅತಿ ಚಿಕ್ಕ ಟೈಲ್ಸ್ ನಡುವಿನ ಅಂತರ ಎಷ್ಟೋ ಸಂದಿನ ಏರುಪೇರೂ ಅಷ್ಟೇ ಆಗಬೇಕು. ಅಂತರ 1 ಮಿ.ಮೀ. ಇದ್ದು ಸಂದು 3 ಇಟ್ಟಿದ್ದರೆ ಅದು ಎರಡೂವರೆಯಿಂದ ಮೂರೂವರೆಯ ಒಳಗೆ ಆಡುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ. ಅದೇ ಟೈಲ್ಸ್‌ಗೆ 1 ಮಿ.ಮೀ. ಸಂದು ಇಟ್ಟರೆ ಅರ್ಧದಿಂದ ಒಂದೂವರೆಯವರೆಗೆ ಹೋಗುತ್ತದೆ. ಒಂದು ಸಂದು ಇನ್ನೊಂದರ ಮೂರರಷ್ಟು. ಟೈಲ್ಸ್ ಅದೇ, ವ್ಯತ್ಯಾಸ ಅಷ್ಟೇ, ಕಾಣುವುದು ಮಾತ್ರ ಬೇರೆ. ಅಮೆರಿಕದ ಎಎನ್‌ಎಸ್‌ಐ ಎ108.02 ಮಾನಕ ಇದನ್ನೇ ನಿಯಮ ಮಾಡಿದೆ: ಟೈಲ್ಸ್ ಅಳತೆಯ ನಿಜವಾದ ವ್ಯತ್ಯಾಸದ ಮೂರರಷ್ಟಾದರೂ ಸಂದು ಇರಬೇಕು, ಯಾವ ಕಾರಣಕ್ಕೂ 1.6 ಮಿ.ಮೀ.ಗಿಂತ ಕಡಿಮೆ ಆಗಬಾರದು.

ನಿಮ್ಮಲ್ಲಿ ಕೂದಲೆಳೆಯಿಂದ 4 ಮಿ.ಮೀ.ವರೆಗೆ ಇದೆ, ಅಂದರೆ ಏರುಪೇರು ಮೂರೂವರೆ ಮಿ.ಮೀ. ಹತ್ತಿರ. ಉಳಿದ ಟೈಲ್ಸ್ ಅಳೆದಾಗ ದೊಡ್ಡದಕ್ಕೂ ಚಿಕ್ಕದಕ್ಕೂ ಅಂತರ 1 ಮಿ.ಮೀ. ಒಳಗೆ ಬಂದರೆ ಮಿಕ್ಕ ಎರಡೂವರೆ ಮಿ.ಮೀ. ಕೂರಿಸಿದ ಕೈಯಿಂದ ಬಂದದ್ದು. ಅಂತರವೇ 3 ಬಂದರೆ ಬಾಕ್ಸ್‌ಗಳ ಮೇಲಿನ ಬ್ಯಾಚ್ ಮತ್ತು ಸೈಜ್ ಗುರುತು ನೋಡಿ. ಎರಡು ಬ್ಯಾಚ್ ಬೆರೆತಿರುವ ಸಾಧ್ಯತೆ ಹೆಚ್ಚು. ಆಗಲೂ ಮೇಸ್ತ್ರಿಯ ಜವಾಬ್ದಾರಿ ಪೂರ್ತಿ ತಪ್ಪುವುದಿಲ್ಲ. ನಾಲ್ಕು ಸಾಲು ಹಾಕುವಷ್ಟರಲ್ಲಿ ಕೈಗೆ ಗೊತ್ತಾಗುತ್ತದೆ, ಅಲ್ಲೇ ಕೆಲಸ ನಿಲ್ಲಿಸಿ ಹೇಳಬೇಕಿತ್ತು.

ಪ್ರಶ್ನೆ: ರೆಕ್ಟಿಫೈಡ್ ಟೈಲ್ಸ್‌ಗೆ ಸಂದೇ ಬೇಡ, ಒತ್ತಿ ಕೂರಿಸಿದರೆ ಅಮೃತಶಿಲೆ ಹಾಸಿದ ಹಾಗೆ ಕಾಣುತ್ತದೆ, ಕೊಳೆಯೂ ಕೂರಲ್ಲ ಅಂತ ಮೇಸ್ತ್ರಿ ಹೇಳುತ್ತಿದ್ದಾರೆ. ಹಾಕಿಸಬಹುದೇ? — ಮಂಡ್ಯ

ಬೇಡ. ಇದೊಂದರಲ್ಲಿ ಮೇಸ್ತ್ರಿಗೆ ಮಣಿಯಬೇಡಿ.

ಹೊಸ ಆರ್‌ಸಿಸಿ ತಾರಸಿ ಒಣಗುತ್ತಾ ಕುಗ್ಗುತ್ತದೆ. ಬೇರೆ ಮಾಹಿತಿ ಇಲ್ಲದಿದ್ದಾಗ ವಿನ್ಯಾಸಕ್ಕೆ ಬಳಸಲು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಕೊಟ್ಟಿರುವ ಕುಗ್ಗುವಿಕೆ 0.0003, ಅಂದರೆ ಮೀಟರಿಗೆ 0.3 ಮಿ.ಮೀ. ಇಪ್ಪತ್ತಡಿ, ಅಂದರೆ 6 ಮೀಟರ್ ಹಾಲ್‌ಗೆ 1.8 ಮಿ.ಮೀ. ಆಯಿತು. ಸುಟ್ಟ ಟೈಲ್ಸ್ ಹಾಗೆ ಕುಗ್ಗುವುದಿಲ್ಲ. ಕೆಳಗಿನ ಹಾಸು ಚಿಕ್ಕದಾಗುತ್ತದೆ, ಮೇಲಿನ ಹೊದಿಕೆ ಅಷ್ಟೇ ಇರುತ್ತದೆ. ಇದರ ಮೇಲೆ ಬಿಸಿಲು ಸೇರಿಸಿ. ಟೈಲ್ಸ್ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 7 ಮೈಕ್ರಾನ್ ಹಿಗ್ಗುತ್ತದೆ. ಪಡುವಣದ ಕಿಟಕಿಯಿಂದ ಏಪ್ರಿಲ್ ಬಿಸಿಲು ಬಿದ್ದು 30 ಡಿಗ್ರಿ ಏರಿದರೆ ಅದೇ 6 ಮೀಟರ್‌ಗೆ ಇನ್ನೊಂದು 1.3 ಮಿ.ಮೀ. ಸಂದಿಗೆ ತುಂಬುವ ಗ್ರೌಟ್ ಟೈಲ್ಸ್‌ನಷ್ಟು ಗಟ್ಟಿಯಲ್ಲದ ಕಾರಣ ಈ ಒತ್ತಡದಲ್ಲಿ ಒಂದು ಪಾಲನ್ನು ತಾಳಿಕೊಳ್ಳುತ್ತದೆ. ಸಂದೇ ಇಲ್ಲದಿದ್ದರೆ ಗಾಜಿನಂಥ ಅಂಚು ಅಂಚಿಗೆ ಒತ್ತಿ ಚಕ್ಕೆ ಏಳುತ್ತದೆ, ಇಲ್ಲವೇ ಒಂದು ಮಧ್ಯಾಹ್ನ ದೊಡ್ಡ ಸದ್ದಿನೊಂದಿಗೆ ಎರಡು ಸಾಲು ಗುಡಾರದ ಹಾಗೆ ಮೇಲಕ್ಕೆ ಎದ್ದು ನಿಲ್ಲುತ್ತದೆ. ಹೀಗೆ ಎದ್ದ ಟೈಲ್ಸ್‌ನ ಬೆನ್ನು ತಿರುಗಿಸಿದರೆ ಸಾಮಾನ್ಯವಾಗಿ ಸ್ವಚ್ಛವಾಗಿರುತ್ತದೆ, ಗಾರೆ ಅಂಟಿರುವುದೇ ಇಲ್ಲ. ನೀರು ಹೀರದ ವಿಟ್ರಿಫೈಡ್‌ಗೆ ಬರೀ ಸಿಮೆಂಟ್ ಹಾಲು ಕಚ್ಚುವುದಿಲ್ಲ, ಐಎಸ್ 15477ಕ್ಕೆ ಹೊಂದುವ ಟೈಲ್ ಅಂಟು ಬೇಕು.

ಕನಿಷ್ಠ 2 ಮಿ.ಮೀ. ಇಡಿ, 3 ಇಟ್ಟರೆ ಇನ್ನೂ ನೆಮ್ಮದಿ. ಇದಕ್ಕಿಂತ ಮುಖ್ಯವಾದದ್ದು ಗೋಡೆ ಪಕ್ಕದ ಅಂತರ. ಸುತ್ತಲೂ 6ರಿಂದ 8 ಮಿ.ಮೀ. ಬಿಡಿಸಿ, ಅದರಲ್ಲಿ ಗಾರೆ, ಗ್ರೌಟ್ ಏನೂ ಬೀಳದಂತೆ ನೋಡಿಕೊಳ್ಳಿ. ಥರ್ಮಾಕೋಲ್ ಪಟ್ಟಿ ಇಟ್ಟು ಕೊನೆಯಲ್ಲಿ ಕಿತ್ತರಾಯಿತು. ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ, ಯಾರಿಗೂ ಕಾಣುವುದಿಲ್ಲ. ಕೆಲಸ ಮುಗಿದ ದಿನ ಬಗ್ಗಿ ನೋಡಿ. ಒಡೆದ ಟೈಲ್ಸ್ ಚೂರು, ಗಾರೆ ಉಂಡೆ ಅಲ್ಲಿ ತುಂಬಿರುವುದು ಬಹಳ ಸಾಮಾನ್ಯ. ಹಾಗಿದ್ದರೆ ಅಂತರ ಬಿಟ್ಟೂ ಬಿಡದ ಹಾಗೆ. ದೊಡ್ಡ ಹಾಲ್ ಆದರೆ ಅಮೆರಿಕದ ಟೈಲ್ಸ್ ಕೈಪಿಡಿಗಳು ಒಳಾಂಗಣದಲ್ಲಿ 25 ಅಡಿಗೆ ಒಮ್ಮೆ, ನೇರ ಬಿಸಿಲು ಬೀಳುವ ಕಡೆ 12 ಅಡಿಗೆ ಒಮ್ಮೆ ಮೆತ್ತಗಿನ ಸೀಲಂಟ್ ತುಂಬಿದ ಸಂದು ಕೇಳುತ್ತವೆ. ನಮ್ಮ ಮನೆಗಳಲ್ಲಿ ಬಾಗಿಲ ಹೊಸಿಲ ಗ್ರಾನೈಟ್ ಪಟ್ಟಿಯ ಪಕ್ಕವೇ ಇದಕ್ಕೆ ಒಳ್ಳೆಯ ಜಾಗ.

ಪ್ರಶ್ನೆ: ಮರದ ಹಲಗೆಯಂತೆ ಕಾಣುವ 200 × 1200 ಮಿ.ಮೀ. ಟೈಲ್ಸ್ ತಂದಿದ್ದೇವೆ. ಇಟ್ಟಿಗೆ ಗೋಡೆಯ ಹಾಗೆ ಅರ್ಧ-ಅರ್ಧ ಸರಿಸಿ ಒಂದು ಕೋಣೆಗೆ ಹಾಕಿಸಿದ್ದಾಯಿತು. ಬರಿಗಾಲಲ್ಲಿ ನಡೆದರೆ ಅಂಚು ತಡೆಯುತ್ತದೆ. ಲೆವೆಲಿಂಗ್ ಕ್ಲಿಪ್ ಹಾಕಿದ್ದರೂ ಹೀಗೇಕೆ? — ಶ್ರೀರಂಗಪಟ್ಟಣ

ಉದ್ದದ ಟೈಲ್ಸ್ ಎಲ್ಲವೂ ಬಿಲ್ಲಿನ ಹಾಗೆ ಒಂದಿಷ್ಟು ಬಾಗಿರುತ್ತವೆ. ಕುಲುಮೆಯಿಂದ ಹೊರಬರುವಾಗಲೇ ಬಂದ ಬಾಗು ಅದು. ಸಮತಟ್ಟಿನಲ್ಲಿ ಸಾಮಾನ್ಯ ಟೈಲ್ಸ್‌ಗೆ ಗರಿಷ್ಠ 2 ಮಿ.ಮೀ., ರೆಕ್ಟಿಫೈಡ್‌ಗೆ 1.8 ಮಿ.ಮೀ. ಬಾಗನ್ನು ಐಎಸ್‌ಒ ಮಾನಕ ಒಪ್ಪುತ್ತದೆ. ಬಾಗಿದ ಹಲಗೆಯ ಅತಿ ಎತ್ತರದ ಜಾಗ ನಟ್ಟನಡುವೆ, ಅತಿ ತಗ್ಗು ಎರಡು ತುದಿ. ಅರ್ಧಕ್ಕೆ ಸರಿಸಿ ಜೋಡಿಸಿದಾಗ ಒಂದರ ತುದಿ ಪಕ್ಕದ್ದರ ನಡುವಿಗೇ ಬಂದು ನಿಲ್ಲುತ್ತದೆ. ತಗ್ಗಿನ ಪಕ್ಕ ದಿಣ್ಣೆ. ಬಾಗಿನ ಪೂರ್ತಿ ಅಳತೆ ಕಾಲಿಗೆ ಸಿಗುವುದು ಅಲ್ಲೇ.

ಉಳಿದಿರುವ ಎರಡು ಹಲಗೆಗಳನ್ನು ಮುಖಕ್ಕೆ ಮುಖ ಸೇರಿಸಿ ನಡುವೆ ಬಿಗಿ ಹಿಡಿಯಿರಿ. ತುದಿಯಲ್ಲಿ ಬಿಡುವ ಬಾಯಿಯ ಅರ್ಧ ಒಂದು ಹಲಗೆಯ ಬಾಗು. ಕ್ಲಿಪ್ ಮಾಡುವ ಕೆಲಸ ಎರಡು ಟೈಲ್ಸ್ ಅಂಚನ್ನು ಗಾರೆ ಗಟ್ಟಿಯಾಗುವವರೆಗೆ ಒಂದೇ ಮಟ್ಟದಲ್ಲಿ ಹಿಡಿದಿಡುವುದು ಮಾತ್ರ. ಬಾಗಿದ್ದನ್ನು ಅದು ನೆಟ್ಟಗೆ ಮಾಡಲಾರದು. ಬಲವಂತವಾಗಿ ಬಿಗಿದರೆ ಕ್ಲಿಪ್ ತೆಗೆದ ಮೇಲೆ ಹಲಗೆ ತನ್ನ ಬಾಗಿಗೆ ಮರಳಲು ನೋಡುತ್ತದೆ, ಆಗ ಅಂಟು ಬಿಟ್ಟು ಟೊಳ್ಳು ಸದ್ದು ಶುರುವಾಗುತ್ತದೆ.

ಎಷ್ಟು ತಡೆದರೆ ದೋಷ? 6 ಮಿ.ಮೀ.ಗಿಂತ ಕಿರಿದಾದ ಸಂದಿಗೆ ಎಎನ್‌ಎಸ್‌ಐ ಪ್ರಕಾರ 0.8 ಮಿ.ಮೀ., ಅದರ ಮೇಲೆ ಟೈಲ್ಸ್‌ಗೇ ಇರುವ ಬಾಗಿನಷ್ಟು. ಇದನ್ನು ನೋಡಲು ನಿಮ್ಮ ಎಟಿಎಂ ಕಾರ್ಡ್ ಸಾಕು, ಅದರ ದಪ್ಪ 0.76 ಮಿ.ಮೀ. ಎತ್ತರದ ಟೈಲ್ಸ್ ಮೇಲೆ ಸ್ಟೀಲ್ ಸ್ಕೇಲ್ ಮಲಗಿಸಿ, ಪಕ್ಕದ ತಗ್ಗು ಟೈಲ್ಸ್ ಮೇಲೆ ಸ್ಕೇಲಿನ ಕೆಳಗೆ ಕಾರ್ಡ್ ತೂರಿಸಿ. ಒಂದು ಕಾರ್ಡ್ ಬಿಗಿಯಾಗಿ ಹೋದರೆ ದೂರಬೇಡಿ. ಎರಡು ಹೋದರೆ ಹಲಗೆಯ ಬಾಗು ಅಳೆದು ಲೆಕ್ಕ ಹಾಕಿ. ಮೂರು ಹೋದರೆ ತೆಗೆಸಿ ಹಾಕಿಸುವುದೇ ಸರಿ.

ಉಳಿದ ಕೋಣೆಗಳಿಗೆ ಮೂರನೇ ಒಂದು ಪಾಲು, ಅಂದರೆ 400 ಮಿ.ಮೀ. ಮಾತ್ರ ಸರಿಸಿ ಹಾಕಿಸಿ. ಸಂದು ಕನಿಷ್ಠ 3 ಮಿ.ಮೀ. ಇರಲಿ, ರೆಕ್ಟಿಫೈಡ್ ಅಲ್ಲದಿದ್ದರೆ 5ರ ಹತ್ತಿರ. ನೆಲದ ಹಾಸು 10 ಅಡಿ ಮಟ್ಟಗೋಲಿನ ಕೆಳಗೆ 3 ಮಿ.ಮೀ.ಗಿಂತ ಹೆಚ್ಚು ಬೆಳಕು ಬಿಡಬಾರದು. ಚಿಕ್ಕ ಟೈಲ್ಸ್‌ಗೆ ಇದರ ಎರಡರಷ್ಟು ನಡೆಯುತ್ತದೆ, ಉದ್ದದ್ದಕ್ಕೆ ನಡೆಯುವುದಿಲ್ಲ.

ಪ್ರಶ್ನೆ: ಮೂರು ಬಾಕ್ಸ್ ಕಡಿಮೆ ಬಿತ್ತು. ಅದೇ ಕಂಪನಿ, ಅದೇ ಡಿಸೈನ್ ತಂದರೂ ಹೊಸದು ಒಂದು ಮಿ.ಮೀ. ದೊಡ್ಡದಿದೆ, ಬಣ್ಣವೂ ಒಂದು ಎಳೆ ಬೇರೆ. — ಮದ್ದೂರು

ಒಂದೇ ಅಚ್ಚಿನಲ್ಲಿ ಒತ್ತಿದ ಟೈಲ್ಸ್ ಕೂಡ ಮಣ್ಣಿನ ಮಿಶ್ರಣ, ತೇವ, ಕುಲುಮೆಯ ಶಾಖ ತುಸು ಬದಲಾದರೆ ಬೇರೆ ಬೇರೆ ಕುಗ್ಗುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಅಳತೆ ನೋಡಿ ವಿಂಗಡಿಸಿ ಬಾಕ್ಸ್‌ಗೆ ಗುರುತು ಹಾಕುತ್ತಾರೆ. ಶೇಡ್, ಬ್ಯಾಚ್, ಸೈಜ್ ಗುರುತು ಮೂರೂ ಒಂದೇ ಆಗಿರುವ ಬಾಕ್ಸ್‌ಗಳನ್ನಷ್ಟೇ ಒಂದು ಕೋಣೆಯಲ್ಲಿ ಸೇರಿಸಬೇಕು. ಮಾಲು ಗುಜರಾತಿನ ಮೋರ್ಬಿಯಿಂದ ಬರುವಂಥದ್ದಾದರೆ ಅದೇ ಬ್ಯಾಚ್ ತಿಂಗಳ ನಂತರ ಸಿಗುತ್ತದೆಂದು ನಂಬಿಕೊಳ್ಳಬೇಡಿ.

ಈಗ ಮಾಡಬಹುದಾದದ್ದು: ಹೊಸ ಬಾಕ್ಸ್‌ಗಳನ್ನು ಹಾಲ್‌ನ ಉಳಿದ ಜಾಗಕ್ಕೆ ಮುಂದುವರಿಸಬೇಡಿ. ಹಾಲ್‌ಗೆ ಬೇಕಾದ ಹಳೆಯ ಟೈಲ್ಸನ್ನು ಇನ್ನೂ ಹಾಕದ ಸಣ್ಣ ಕೋಣೆಯ ಪಾಲಿನಿಂದ ತೆಗೆದುಕೊಳ್ಳಿ, ಹೊಸದನ್ನು ಆ ಕೋಣೆಗೆ ಪೂರ್ತಿ ಹಾಕಿ. ನಡುವೆ ಹೊಸಿಲು ಬಂದರೆ ಸಂದಿನ ಸಾಲು ಅಲ್ಲಿಗೆ ಮುಗಿಯುತ್ತದೆ, ಬಣ್ಣದ ವ್ಯತ್ಯಾಸವೂ ಕಾಣುವುದಿಲ್ಲ. ಹಾಗೆ ಆಗದಿದ್ದರೆ ಗೋಡೆ ಪಕ್ಕದ ಕತ್ತರಿಸುವ ತುಂಡುಗಳಿಗೆ, ಅಡುಗೆಮನೆ ಕಪಾಟಿನ ಕೆಳಗೆ ಬಳಸಿ. ಒಂದು ಮಿ.ಮೀ. ದೊಡ್ಡದಾದ ಟೈಲ್ಸನ್ನು ಹಳೆಯ ಸಾಲಿಗೆ ಮುಂದುವರಿಸಿದರೆ ಹತ್ತು ಟೈಲ್ಸ್ ಆಗುವಷ್ಟರಲ್ಲಿ ಸಾಲು ಒಂದು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಅಡ್ಡ ಸಾಲಿನ ಮೂಲೆಗಳು ಎಲ್ಲಿಯೂ ಸೇರುವುದಿಲ್ಲ.

ಇನ್ನೂ ಕೊಳ್ಳದವರು ಲೆಕ್ಕ ಹೀಗೆ ಹಾಕಿ. ಎರಡಡಿ ಟೈಲ್ಸ್ ನಾಲ್ಕು ಇರುವ ಬಾಕ್ಸ್ 1.44 ಚದರ ಮೀಟರ್, ಅಂದರೆ 15.5 ಚದರಡಿ. ಸಾವಿರ ಚದರಡಿಗೆ 65 ಬಾಕ್ಸ್. ನೇರ ಜೋಡಣೆಗೆ ಶೇ 7 ಸೇರಿಸಿ 70, ಕೋನದಲ್ಲಿ ಹಾಕಿಸುವುದಾದರೆ ಶೇ 10 ಸೇರಿಸಿ 72. ಅದರ ಮೇಲೆ ಮುಂದಿನ ರಿಪೇರಿಗೆಂದು ಎರಡು ಬಾಕ್ಸ್ ಮಂಚದ ಕೆಳಗಿರಲಿ.

ಪ್ರಶ್ನೆ: ಕೋಣೆಯೇ ಚೌಕವಾಗಿಲ್ಲ. ಸಂದನ್ನು ಸ್ವಲ್ಪಸ್ವಲ್ಪ ಹಿಗ್ಗಿಸಿ ಕೊನೆಗೆ ಗೋಡೆಗೆ ಸರಿಹೊಂದಿಸುತ್ತೇನೆ ಎನ್ನುತ್ತಾರೆ ಮೇಸ್ತ್ರಿ. — ಪಾಂಡವಪುರ

ಒಪ್ಪಬೇಡಿ. ಗೋಡೆಯ ತಪ್ಪನ್ನು ಗೋಡೆಯ ಪಕ್ಕದಲ್ಲೇ ಬಿಡಬೇಕು, ನೆಲದ ನಡುವಿಗೆ ತರಬಾರದು.

ಉದ್ದದ ಗೋಡೆಗೆ ಸಮಾನಾಂತರವಾಗಿ ನಡುವೆ ಒಂದು ದಾರ ಹಿಡಿಯಿರಿ. ಅದರ ಮೇಲೆ ಒಂದು ಬಿಂದುವಿನಿಂದ 8 ಅಡಿ, ಅಡ್ಡಕ್ಕೆ 6 ಅಡಿ ಗುರುತು ಮಾಡಿ. ಎರಡು ಗುರುತುಗಳ ನಡುವೆ ಸರಿಯಾಗಿ 10 ಅಡಿ ಬಂದರೆ ಮೂಲೆ ಚೌಕ. ಈ ಅಡ್ಡ ದಾರಕ್ಕೆ ಕೆಲಸ ಸಾಗಬೇಕು, ಗೋಡೆಗಲ್ಲ. ಗಾರೆ ಹಾಕುವ ಮುಂಚೆ ಎರಡೂ ದಿಕ್ಕಿಗೆ ಒಂದೊಂದು ಸಾಲು ಟೈಲ್ಸನ್ನು ಸ್ಪೇಸರ್ (ಸಂದು ಸಮ ಬರಲು ನಡುವೆ ಇಡುವ ತುಂಡು) ಸಮೇತ ಒಣದಾಗಿ ಜೋಡಿಸಿ ನೋಡಿ. ಕೊನೆಯಲ್ಲಿ ಎರಡಿಂಚಿನ ಚೂರು ಬಂದರೆ ಇಡೀ ಜೋಡಣೆಯನ್ನು ಅರ್ಧ ಟೈಲ್ಸ್ ಸರಿಸಿ. ಎರಡೂ ಬದಿಯಲ್ಲಿ ಅರ್ಧಕ್ಕಿಂತ ದೊಡ್ಡ ತುಂಡು ಬರುತ್ತದೆ. ಸೊಟ್ಟವನ್ನು ಸೋಫಾ, ಮಂಚ, ಬೀರು ಬರುವ ಗೋಡೆಯ ಪಕ್ಕದ ತುಂಡುಗಳಲ್ಲಿ ಕತ್ತರಿಸಿ ಮುಗಿಸಿ. ಒಂದು ತುದಿಯಲ್ಲಿ 14 ಇಂಚು, ಇನ್ನೊಂದು ತುದಿಯಲ್ಲಿ 13 ಇಂಚು ತುಂಡಿದ್ದರೆ ಯಾರೂ ಗಮನಿಸುವುದಿಲ್ಲ. ಒಂದು ತುದಿಯಲ್ಲಿ 3 ಇಂಚು, ಇನ್ನೊಂದರಲ್ಲಿ 2 ಇಂಚು ಇದ್ದರೆ ಬಾಗಿಲಲ್ಲೇ ಕಾಣುತ್ತದೆ.

ಸ್ಪೇಸರ್ ಇಟ್ಟ ಮಾತ್ರಕ್ಕೆ ದಾರ ಬೇಡ ಎಂದಲ್ಲ. ಟೈಲ್ಸ್ ಅಳತೆಯಲ್ಲಿ ವ್ಯತ್ಯಾಸವಿದ್ದಾಗ ಸ್ಪೇಸರ್ ಸಂದನ್ನು ಸಮ ಇಡುತ್ತದೆ, ಆದರೆ ಸಾಲನ್ನು ಓಡಿಸುತ್ತದೆ. ಮೂರು ಮೂರು ಟೈಲ್ಸ್‌ಗೆ ಒಂದು ದಾರದ ಚೌಕ ಹಾಕಿ, ಅದರೊಳಗೆ ಕಣ್ಣಂದಾಜಿನಲ್ಲಿ ಹಂಚಿ ಕೂರಿಸುವುದು ಕೆಲಸ ಬಲ್ಲವರ ಪದ್ಧತಿ. ಮೂರು-ನಾಲ್ಕು ಬಾಕ್ಸ್ ಒಟ್ಟಿಗೆ ಬಿಚ್ಚಿ ಬೆರೆಸಿಕೊಂಡು ಹಾಕುವುದೂ ಹಾಗೆಯೇ.

ಪ್ರಶ್ನೆ: ಹಾಕಿಸಿಯಾಗಿದೆ, ಕೀಳಿಸುವಷ್ಟು ಹಣವಿಲ್ಲ. ಗ್ರೌಟ್ ಬದಲಿಸಿ ಸಂದಿನ ಏರುಪೇರು ಮರೆಸಬಹುದೇ? ಎಷ್ಟು ಗ್ರೌಟ್ ಬೇಕು? — ವಿಜಯನಗರ, ಮೈಸೂರು

ಮರೆಸಬಹುದು, ಬಹಳ ಮಟ್ಟಿಗೆ. ಬಿಳಿ ಟೈಲ್ಸ್‌ಗೆ ಕಪ್ಪು ಗ್ರೌಟ್, ಕಪ್ಪು ಟೈಲ್ಸ್‌ಗೆ ಬಿಳಿ ಗ್ರೌಟ್ ಹಾಕಿದರೆ ಒಂದು ಮಿ.ಮೀ. ವ್ಯತ್ಯಾಸವೂ ಗೆರೆ ಎಳೆದಂತೆ ಕಾಣುತ್ತದೆ. ಟೈಲ್ಸ್ ಬಣ್ಣಕ್ಕಿಂತ ಅರ್ಧ ಎಳೆ ಗಾಢವಾದ ಗ್ರೌಟ್ ಆರಿಸಿ. ಕಣ್ಣು ಸಂದನ್ನು ಹುಡುಕುವುದನ್ನೇ ಬಿಡುತ್ತದೆ.

ಹಳೆಯ ಗ್ರೌಟ್ ಮೇಲೆಯೇ ಹೊಸದನ್ನು ಸವರಿದರೆ ಕೆಲವೇ ದಿನಗಳಲ್ಲಿ ಸಿಪ್ಪೆ ಏಳುತ್ತದೆ. ಟೈಲ್ಸ್ ದಪ್ಪದ ಮೂರನೇ ಎರಡು ಪಾಲು ಆಳಕ್ಕೆ, ಅಂದರೆ 9 ಮಿ.ಮೀ. ಟೈಲ್ಸ್‌ನಲ್ಲಿ 6 ಮಿ.ಮೀ.ವರೆಗೆ ಕೆರೆದು ತೆಗೆಯಬೇಕು. ಕಿರಿದಾದ ಸಂದಿಗೆ ಗ್ರೈಂಡರ್ ಬೇಡ, ಒಂದು ಕ್ಷಣ ಕೈ ಜಾರಿದರೆ ಟೈಲ್ಸ್ ಅಂಚು ಹೋಗುತ್ತದೆ. ಕೈಗರಗಸದಂಥ ಗ್ರೌಟ್ ರೇಕ್ ನಿಧಾನ, ಆದರೆ ಭದ್ರ. ದೂಳನ್ನು ವ್ಯಾಕ್ಯೂಮ್‌ನಿಂದ ಎಳೆದು ತೆಗೆಯಿರಿ. ಕೂದಲೆಳೆಯಷ್ಟಿರುವ ಸಂದುಗಳಿಗೆ ಗ್ರೌಟ್ ಒಳಗೇ ಇಳಿಯುವುದಿಲ್ಲ, ಅವನ್ನು ಕೆರೆದು ಒಂದೂವರೆ ಮಿ.ಮೀ.ಗೆ ತರಲು ಹೋಗಬೇಡಿ. ರೆಕ್ಟಿಫೈಡ್ ಅಂಚು ಚಕ್ಕೆ ಎದ್ದರೆ ಸರಿಪಡಿಸಲಾಗದು.

ಲೆಕ್ಕಕ್ಕೆ ಸೂತ್ರ ಇದೆ. ಟೈಲ್ಸ್‌ನ ಉದ್ದ ಅಗಲ ಕೂಡಿಸಿ, ಅದನ್ನು ಉದ್ದ ಅಗಲಗಳ ಗುಣಲಬ್ಧದಿಂದ ಭಾಗಿಸಿ, ಬಂದದ್ದನ್ನು ದಪ್ಪ, ಸಂದಿನ ಅಗಲ, 1.6 ಇಷ್ಟರಿಂದಲೂ ಗುಣಿಸಿ. ಎಲ್ಲ ಅಳತೆಯೂ ಮಿಲಿಮೀಟರ್‌ನಲ್ಲಿರಲಿ, ಉತ್ತರ ಚದರ ಮೀಟರ್‌ಗೆ ಇಷ್ಟು ಕಿಲೋ ಎಂದು ಬರುತ್ತದೆ. 600 × 600 × 9, ಸಂದು 3 ಆದರೆ 0.144 ಕಿಲೋ. ಸಾವಿರ ಚದರಡಿ ಅಂದರೆ 93 ಚದರ ಮೀಟರ್, ಪೂರ್ತಿ ಆಳಕ್ಕೆ ಹದಿಮೂರೂವರೆ ಕಿಲೋ, ಪೋಲು ಸೇರಿಸಿ 15 ಕಿಲೋ ತನ್ನಿ. ನಿಮ್ಮಂತೆ ಮೂರನೇ ಎರಡು ಆಳಕ್ಕಾದರೆ 10 ಕಿಲೋ ಸಾಕು.

3 ಮಿ.ಮೀ. ಒಳಗಿನ ಸಂದಿಗೆ ಮರಳಿಲ್ಲದ ನುಣುಪು ಗ್ರೌಟ್, ಅದಕ್ಕಿಂತ ಅಗಲಕ್ಕೆ ಮರಳು ಬೆರೆತದ್ದು. ಅಗಲ ಸಂದಿಗೆ ನುಣುಪು ಗ್ರೌಟ್ ತುಂಬಿದರೆ ಒಣಗಿ ಕುಗ್ಗಿ ನಡುವೆ ಬಿರುಕು ಬಿಡುತ್ತದೆ. ನೀರನ್ನು ಚೀಲದ ಮೇಲೆ ಹೇಳಿರುವಷ್ಟೇ ಅಳೆದು ಹಾಕಿ. ಸುಲಭವಾಗಿ ಹರಿಯಲಿ ಎಂದು ಹೆಚ್ಚು ನೀರು ಬೆರೆಸುವುದೇ ಬಣ್ಣ ಮಚ್ಚೆಮಚ್ಚೆಯಾಗಲು ದೊಡ್ಡ ಕಾರಣ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಕುಡಿಯುವ ನೀರು ಬಳಸಿ, ಇಲ್ಲದಿದ್ದರೆ ಒಣಗಿದ ಮೇಲೆ ಬಿಳಿ ಉಪ್ಪು ಮೇಲೆ ಕೂರುತ್ತದೆ. ಆ ಬಿಳಿಯನ್ನು ಬಾತ್‌ರೂಮ್ ಆಸಿಡ್‌ನಿಂದ ತೊಳೆಯುವವರಿದ್ದಾರೆ. ಆಸಿಡ್ ಸಿಮೆಂಟ್ ಗ್ರೌಟನ್ನೇ ತಿನ್ನುತ್ತದೆ.

ಅಡುಗೆಮನೆ, ಬಾತ್‌ರೂಮಿಗೆ ಎಪಾಕ್ಸಿ ಗ್ರೌಟ್ ಒಳ್ಳೆಯದು, ಎಣ್ಣೆ ಅರಿಸಿನ ಇಳಿಯುವುದಿಲ್ಲ. ಆದರೆ ರಾಳ, ಗಟ್ಟಿಕಾರಕ, ಪುಡಿ ಮೂರನ್ನೂ ಕೊಟ್ಟ ಪ್ರಮಾಣದಲ್ಲೇ ಕಲೆಸಬೇಕು, ಬಿಸಿಲುಗಾಲದಲ್ಲಿ ಬಹಳ ಬೇಗ ಬಿಗಿಯುತ್ತದೆ. ಒಮ್ಮೆಗೆ ಸಣ್ಣ ಪ್ಯಾಕ್ ಮಾತ್ರ ಕಲೆಸಿ, ಟೈಲ್ಸ್ ಮೇಲೆ ಉಳಿದ ಪೊರೆಯನ್ನು ಗಟ್ಟಿಯಾಗುವ ಮುಂಚೆ ಒರೆಸಿ ಮುಗಿಸಿ.

ಪ್ರಶ್ನೆ: ಅಂಗಡಿಯವರು "ಹಾಕಿದ ಮೇಲೆ ಕ್ಲೇಮ್ ಇಲ್ಲ" ಎನ್ನುತ್ತಾರೆ. ಏನು ಮಾಡುವುದು? — ಮಳವಳ್ಳಿ

ಬಾಕ್ಸ್ ಮೇಲೆ, ಬಿಲ್ ಮೇಲೆ ಈ ಸಾಲು ಸಾಮಾನ್ಯವಾಗಿ ಇರುತ್ತದೆ. ಕಣ್ಣಿಗೆ ಕಾಣುವ ಅಳತೆ, ಬಣ್ಣ, ಬಾಗನ್ನು ಹಾಕುವ ಮುಂಚೆಯೇ ನೋಡಬಹುದಿತ್ತು ಎಂಬುದು ಅವರ ವಾದ, ಅದರಲ್ಲಿ ತಿರುಳಿದೆ. ಹಾಗಾಗಿ ಮಾಲು ಇಳಿಸಿದ ದಿನವೇ ಬೇರೆ ಬೇರೆ ಐದು ಬಾಕ್ಸ್ ಬಿಚ್ಚಿ ಎರಡೆರಡು ಟೈಲ್ಸ್ ಅಳೆಯಿರಿ. ಮಿತಿ ಮೀರಿದ್ದರೆ ಸ್ಕೇಲ್ ಸಮೇತ ಫೋಟೊ, ಬಾಕ್ಸ್ ಗುರುತಿನ ಫೋಟೊ ತೆಗೆದು ಅಂಗಡಿಗೆ ವಾಟ್ಸಾಪ್‌ನಲ್ಲಾದರೂ ಲಿಖಿತವಾಗಿ ತಿಳಿಸಿ, ಉತ್ತರ ಬರುವವರೆಗೆ ಒಂದು ಟೈಲ್ಸ್ ಕೂಡ ಹಾಕಿಸಬೇಡಿ.

ನಿಮ್ಮಂತೆ ಹಾಕಿಸಿಬಿಟ್ಟಿದ್ದರೆ ದಾರಿ ಪೂರ್ತಿ ಮುಚ್ಚಿಲ್ಲ. ಜಿಎಸ್‌ಟಿ ಬಿಲ್, ಉಳಿದ ಇಡೀ ಟೈಲ್ಸ್, ಬಾಕ್ಸ್‌ನ ಮುದ್ರಿತ ಬದಿ ಇವನ್ನು ಎಸೆಯಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮೊದಲು ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಮಂಡ್ಯದಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಕರಾರು ಹುಟ್ಟಿದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಮಾಲಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಟೈಲ್ಸ್‌ನ ತಪ್ಪೋ ಕೆಲಸದ ತಪ್ಪೋ ಎಂಬ ಪ್ರಶ್ನೆ ಅಲ್ಲಿ ಮೊದಲು ಬರುತ್ತದೆ. ಹಾಕದೆ ಉಳಿದಿರುವ ಟೈಲ್ಸ್‌ನ ಅಳತೆ ಪಟ್ಟಿ ಆಗ ಕೈಯಲ್ಲಿರಬೇಕು. ಹಾಗಾಗಿ ಗೋಡೌನಿಗೆ ವಾಪಸ್ ಕೊಟ್ಟು ಹಣ ತೆಗೆದುಕೊಳ್ಳಿ ಎಂದು ಅಂಗಡಿಯವರು ಹೇಳಿದರೂ ಹತ್ತು ಟೈಲ್ಸ್ ಮನೆಯಲ್ಲೇ ಇಟ್ಟುಕೊಳ್ಳಿ.